ಅವನು ಜೋಡಿಸಿದ ಫೋಲ್ಡರುಗಳು

ಅವನನ್ನು ನಮ್ಮ ಆಫೀಸಿಗೆ ಸೇರಿಸಿದವನು ನಾನೇ. ಆಮೇಲೆ ಇದಕ್ಕಾಗಿ ಎಷ್ಟು ದಿನ ನನ್ನನ್ನು ನಾನೇ ಬೈದುಕೊಂಡೆನೋ ಲೆಕ್ಕವಿಲ್ಲ.

ನಾವಿಬ್ಬರೂ ಐಟಿಐಯಲ್ಲಿ ಒಂದೇ ಬೆಂಚಿನಲ್ಲಿ ಕೂತು, ಕಟ್ಟಡದ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಕೋರ್ಸ್ ಮುಗಿಸಿದವರು. ನಮ್ಮದು ದೇವನಹಳ್ಳಿಯ ಆಚೆ ಒಂದು ಹಳ್ಳಿ, ದ್ರಾಕ್ಷಿ ಬೆಳೆಯುವ ಮನೆ. ಅವನ ಮನೆ ಕೋಟೆಯೊಳಗೆ. ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಅಚ್ಚ ದೇವನಹಳ್ಳಿ ಕನ್ನಡ. ಆಗಿನ್ನೂ ನಮಗೆ ಡ್ರಾಯಿಂಗ್ ಬೋರ್ಡು, ಟ್ರೇಸಿಂಗ್ ಪೇಪರು, ಇಂಕಿನ ಪೆನ್ನು. ನನ್ನ ಗೆರೆ ಕೂದಲೆಳೆಯಂತೆ ಇರುತ್ತಿತ್ತು, ಅಕ್ಷರ ಅಚ್ಚು ಹಾಕಿದಂತೆ. ಅವನ ಹಾಳೆಯ ತುಂಬ ಬೆವರಿದ ಅಂಗೈಯ ಮಸಿ. ಪರೀಕ್ಷೆಗೆ ಮುಂಚೆ ಅವನ ಹಾಳೆಗಳ ಮೇಲೆಲ್ಲ ಅಳತೆ, ಹೆಸರು ಬರೆದುಕೊಟ್ಟವನು ನಾನು. "ನಿನ್ ಕೈಗೆ ಚಿನ್ನದ ಕಡಗ ತೊಡಿಸ್ಬೇಕು ಕಣೋ" ಎನ್ನುತ್ತಿದ್ದ. ಆ ಮಾತು ಕೇಳಲು ಹಿತವಾಗಿತ್ತು. ನಮ್ಮಿಬ್ಬರಲ್ಲಿ ನನ್ನ ಕೈ ಮೇಲು ಎಂದು ಇಬ್ಬರಿಗೂ ಗೊತ್ತಿದ್ದುದರಿಂದಲೇ ಆ ಗೆಳೆತನ ಅಷ್ಟು ಸಲೀಸಾಗಿ ನಡೆಯಿತೋ ಏನೋ.

ಕೋರ್ಸು ಮುಗಿದ ಮೇಲೆ ಅವನು ಹೊಸಕೋಟೆ ಕಡೆ ಕಾಂಕ್ರೀಟಿನ ಸಿದ್ಧ ಗೋಡೆಗಳನ್ನು ಎರಕ ಹೊಯ್ಯುವ ಒಂದು ಕಂಪನಿ ಸೇರಿದ. ನಾನು ಅಲ್ಲಿ ಇಲ್ಲಿ ಅಲೆದು, ಕೊನೆಗೆ ದೇವನಹಳ್ಳಿಯ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ, ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಆರ್ಕಿಟೆಕ್ಟ್ ಒಬ್ಬರ ಆಫೀಸಿಗೆ ಬಂದು ನಿಂತೆ. ಅವರು ಕಂಪ್ಯೂಟರ್ ಕೊಂಡಾಗ ಕಂಪ್ಯೂಟರ್ ಕಲಿತೆ, ಹೊಸ ಸಾಫ್ಟ್‌ವೇರ್ ತಂದಾಗ ಅದನ್ನೂ ಅಷ್ಟೋ ಇಷ್ಟೋ ಕಲಿತೆ. ಹನ್ನೊಂದು ವರ್ಷ ಹೀಗೇ ಹೋಯಿತು. ಆಫೀಸಿನಲ್ಲಿ ನಾವು ಮೂವರೇ: ಸರ್, ನಾನು, ಎಸ್ಟಿಮೇಟ್ ನೋಡಿಕೊಳ್ಳುವ ಮೇಡಂ.

ಆ ಸಾಫ್ಟ್‌ವೇರಿನ ವಿಷಯ ಸ್ವಲ್ಪ ಹೇಳಬೇಕು. ಅದರಲ್ಲಿ ಮನೆಯನ್ನು ಗೆರೆಗಳಾಗಿ ಬರೆಯುವುದಿಲ್ಲ. ಗೋಡೆಯನ್ನು ಗೋಡೆಯಾಗಿ, ಕಿಟಕಿಯನ್ನು ಕಿಟಕಿಯಾಗಿ ಇಟ್ಟು ಇಡೀ ಮನೆಯನ್ನೇ ಕಂಪ್ಯೂಟರಿನೊಳಗೆ ಕಟ್ಟಬೇಕು, ಅದು ಮಾಡೆಲ್. ಅದೇ ಮಾಡೆಲನ್ನು ಮೇಲಿನಿಂದ ನೋಡಿದರೆ ಪ್ಲಾನ್, ಎದುರಿನಿಂದ ನೋಡಿದರೆ ಎಲಿವೇಶನ್, ಕುಂಬಳಕಾಯಿ ಸೀಳಿದಂತೆ ನಡುವೆ ಸೀಳಿ ನೋಡಿದರೆ ಸೆಕ್ಷನ್. ಹೀಗೆ ನೋಡುವ ಒಂದೊಂದು ಬಗೆಗೂ ಹೆಸರಿಟ್ಟು ಉಳಿಸಿಕೊಳ್ಳಬಹುದು. ಅದಕ್ಕೆ ವ್ಯೂ ಎನ್ನುತ್ತಾರೆ. ಒಂದು ಮನೆ ಮುಗಿಯುವ ಹೊತ್ತಿಗೆ ನೂರಕ್ಕೂ ಹೆಚ್ಚು ವ್ಯೂಗಳಾಗುತ್ತವೆ.

ನಾನು ಅವನ್ನೆಲ್ಲ ಒಂದೇ ಪಟ್ಟಿಯಲ್ಲಿ ಸಾಲಾಗಿ ಬಿಟ್ಟಿದ್ದೆ. 'ನ್ಯೂ', 'ನ್ಯೂ 2', 'ಫೈನಲ್', 'ಸರ್ ಹೇಳಿದ್ದು', 'ಮೇಸ್ತ್ರಿಗೆ', 'ಫೈನಲ್ 3 ಬೇಡ'. ಹೊರಗಿನವರಿಗೆ ಅದು ಸಂತೆ. ನನಗೆ ಮಾತ್ರ ಯಾವುದು ಎಲ್ಲಿ ಅಂತ ಕಣ್ಣು ಮುಚ್ಚಿದರೂ ಗೊತ್ತು. ಜೊತೆಗೆ ನನಗೆ ಇನ್ನೊಂದು ಹಳೇ ಚಾಳಿ. ಮಾಡೆಲನ್ನು ತಿದ್ದಲು ಬೇಸರ ಬಂದಾಗ ವ್ಯೂ ಮೇಲೆಯೇ ಬೋರ್ಡಿನ ಕಾಲದ ಹಾಗೆ ಗೆರೆ ಎಳೆದು ಮುಗಿಸುತ್ತಿದ್ದೆ. ಚೆನ್ನಾಗಿ ಕಾಣುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

ಯಾವ ಡ್ರಾಯಿಂಗ್ ಬೇಕಿದ್ದರೂ ನನ್ನನ್ನೇ ಕೇಳಬೇಕು. ಬಾಮೈದನ ಮದುವೆಯಲ್ಲಿ ಧಾರೆ ಎರೆಯುವಾಗಲೂ ಸರ್ ಫೋನ್ ಮಾಡಿದ್ದರು. "ಅಯ್ಯೋ, ಮದುವೆ ಮನೇಲಿದ್ದೀನಿ ಸರ್" ಎನ್ನುತ್ತ ಹೊರಗೆ ಹೋಗಿ ಹತ್ತು ನಿಮಿಷ ಮಾತಾಡಿ ಬಂದೆ. ಹೆಂಡತಿ ನಕ್ಕಳು. "ಬೈಕೊಂಡ್ ಹೋಗ್ತೀರಿ, ವಾಪಸ್ ಬರುವಾಗ ನಿಮ್ ಮುಖ ನೋಡ್ಬೇಕು, ನೀವೇ ಮದುವೆ ಗಂಡು" ಎಂದಳು. ನಿಜವೇ. ಆ ಫೋನು ಬರದ ಭಾನುವಾರ ನನಗೆ ಏನೋ ಕಳೆದುಕೊಂಡಂತಾಗುತ್ತಿತ್ತು.

ಹೀಗಿರುವಾಗ ಅವನ ಕಂಪನಿ ಬೇರೆ ಊರಿಗೆ ಹೋಯಿತು. ಅವನು ಹೋಗಲಿಲ್ಲ. ಒಂದು ಭಾನುವಾರ ನಮ್ಮ ಮನೆಗೆ ಬಂದು ಕೂತು, ಕಾಫಿ ಮುಗಿಸಿ, "ನಿಮ್ ಸರ್‌ಗೆ ಒಂದ್ ಮಾತು ಹೇಳ್ತೀಯೇನೋ?" ಎಂದ. ನನಗೆ ಎಷ್ಟು ಖುಷಿಯಾಯಿತೆಂದರೆ, ಮರುದಿನವೇ ಸರ್ ಮುಂದೆ ಅವನನ್ನು ಬಾಯ್ತುಂಬ ಹೊಗಳಿದೆ. "ಗೆರೆ ಸುಮಾರು ಸರ್, ಆದ್ರೆ ಮನುಷ್ಯ ಒಳ್ಳೇವ್ನು. ನಾನು ನೋಡ್ಕೋತೀನಿ" ಎಂದೂ ಸೇರಿಸಿದೆ.

ಅವನು ಬಂದ ಮೊದಲ ವಾರ ಏನೂ ಮಾಡಲಿಲ್ಲ. ನನ್ನ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡುತ್ತ ಕೂತ. ಎರಡನೇ ವಾರ ಒಂದು ಮನೆಯ ಫೈಲ್ ತೆಗೆದು, ಹಳೇ ಕಂಪನಿಯಲ್ಲಿ ಕಲಿತ ಹಾಗೆ, ಫೋಲ್ಡರ್ ಮಾಡತೊಡಗಿದ. ಹೆಸರುಗಳೆಲ್ಲ ಕನ್ನಡದಲ್ಲಿ: 'ಸೈಟಿಗೆ', 'ಮನೆಯವರಿಗೆ', 'ಪಂಚಾಯ್ತಿಗೆ', 'ನಡೀತಿದೆ', 'ಹಳೇದು'. 'ಸೈಟಿಗೆ' ಒಳಗೆ ಮತ್ತೆ ಪಾಯ, ಗೋಡೆ, ಲಿಂಟಲ್, ಮೆಟ್ಟಿಲು, ಮೇಲ್ಛಾವಣಿ, ಕಟ್ಟಡ ಏಳುವ ಕ್ರಮದಲ್ಲೇ. ಒಂದು ಫೋಲ್ಡರ್ ಮೇಲೆ ಒತ್ತಿದರೆ ಅದರೊಳಗಿನ ಅಷ್ಟೂ ಹಾಳೆಗಳು ಒಟ್ಟಿಗೆ ತಯಾರಾಗಿ ಮೇಸ್ತ್ರಿಯ ಫೋನಿಗೆ ಹೋಗುವ ಹಾಗೆ ಮಾಡಿದ. ಸರ್ ಹಿಂದೆ ನಿಂತು ನೋಡಿದರು. ಒಂದು ಸಲ ಅವರೇ ಮೌಸ್ ಹಿಡಿದು ಲಿಂಟಲ್ ಡ್ರಾಯಿಂಗ್ ಹುಡುಕಿ ತೆಗೆದರು. ತೆಗೆದು, ಮಗುವಿನ ಹಾಗೆ ನಕ್ಕರು.

"ಬಾ ಇಲ್ಲಿ, ನೋಡು ಇವ್ರು ಮಾಡಿರೋದ" ಎಂದು ನನ್ನನ್ನು ಕರೆದರು. ನನ್ನದೇ ಡ್ರಾಯಿಂಗುಗಳನ್ನು ನೋಡಲು ನನ್ನನ್ನು ನೆಂಟನ ಹಾಗೆ ಕರೆಯುತ್ತಿದ್ದರು. ಇನ್ನೊಂದು ಮಾತೂ ಆವತ್ತೇ ಕಿವಿಗೆ ಬಿತ್ತು. ನನ್ನನ್ನು ಹನ್ನೊಂದು ವರ್ಷ 'ನೀನು' ಎಂದ ಸರ್ ಅವನನ್ನು 'ಇವ್ರು' ಎಂದಿದ್ದರು. 'ನೀನು' ಎನ್ನುವುದನ್ನು ನಾನು ಅಲ್ಲಿಯವರೆಗೆ ಸಲಿಗೆ ಅಂತಲೇ ತಿಳಿದುಕೊಂಡಿದ್ದೆ.

"ತುಂಬಾ ಚೆನ್ನಾಗೈತೆ" ಎಂದೆ.

ಅವನು ನನಗೆ ಪ್ರೀತಿಯಿಂದ ವಿವರಿಸಿದ. "ಮಾಡೆಲ್ ಒಂದೇ ನಿಜ ಕಣೋ. ಮಿಕ್ಕಿದ್ದೆಲ್ಲ ನೋಡೋ ರೀತಿ ಅಷ್ಟೇ. ಯಾರು ನೋಡ್ತಾರೆ, ಅವ್ರಿಗೆ ಏನು ಬೇಕು, ಅದನ್ನ ಅವ್ರ ಫೋಲ್ಡರಿಗೆ ಹಾಕ್ಬಿಟ್ರೆ ಆಯ್ತು." ಹಾಳೆಯ ಮೇಲೆ ಮಸಿ ಮಾಡುತ್ತಿದ್ದವನು ನನಗೆ ಪಾಠ ಹೇಳುತ್ತಿದ್ದ. ಅದಕ್ಕಿಂತ ಕಷ್ಟದ ಸಂಗತಿಯೆಂದರೆ, ಅವನು ಹೇಳಿದ್ದು ಸರಿಯಾಗಿತ್ತು.

ಫೋನು ಬರುವುದು ಕಡಿಮೆಯಾಯಿತು. ಮೇಸ್ತ್ರಿ ಒಂದು ದಿನ ಸಿಕ್ಕಿ, "ಈಗ ಬೋ ಆರಾಮಾಗೋಯ್ತು ಗುರು, ನಿಂಗೆ ತೊಂದ್ರೆ ಕೊಡಂಗೇ ಇಲ್ಲ, ತಾನಾಗೇ ಬಂದ್ಬಿಡ್ತದೆ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಾನು ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ನಾನು ಅವನ ಫೋಲ್ಡರುಗಳಲ್ಲಿ ತಪ್ಪು ಹುಡುಕತೊಡಗಿದೆ. 'ಮೇಲ್ಛಾವಣಿ'ಯ ಒತ್ತು ತಪ್ಪಾಗಿತ್ತು. ಅದನ್ನು ಮೇಡಂಗೆ ತೋರಿಸಿ ನಕ್ಕೆ. ಅವರು ನಗಲಿಲ್ಲ. ಬೇಕೆಂದೇ ನನ್ನ ಹೊಸ ವ್ಯೂಗಳನ್ನು ಯಾವ ಫೋಲ್ಡರಿಗೂ ಹಾಕದೆ ಹೊರಗೆ ಬಿಡುತ್ತಿದ್ದೆ. ಅವನು ಸಂಜೆ ಮನೆಗೆ ಹೋಗುವ ಮುಂಚೆ, ಅಂಗಳದಲ್ಲಿ ಬಿದ್ದ ಪಾತ್ರೆ ಎತ್ತಿಡುವವರ ಹಾಗೆ, ಒಂದೊಂದನ್ನೇ ಅದರದರ ಜಾಗಕ್ಕೆ ಸೇರಿಸುತ್ತಿದ್ದ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹಳೆಯ ವ್ಯೂಗಳಲ್ಲಿ ಯಾವುದು ಏನೆಂದು ಗೊತ್ತಾಗದವನ್ನು ಅವನು 'ಕೇಳಿ ಹಾಕಬೇಕು' ಎಂಬ ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದ. ಕೇಳಬೇಕಾದದ್ದು ನನ್ನನ್ನು. ದಿನಾ ಟೀ ಹೊತ್ತಿಗೆ ಕುರ್ಚಿ ಎಳೆದುಕೊಂಡು ಬಂದು ಏಳೆಂಟು ಕೇಳುತ್ತಿದ್ದ. ಮೊದಮೊದಲು ನಾನು ಗತ್ತಿನಿಂದ ಉತ್ತರ ಕೊಟ್ಟೆ. ಆಮೇಲೆ ನೋಡಿದರೆ, ಕೊಟ್ಟ ಒಂದೊಂದು ಉತ್ತರಕ್ಕೂ ಆ ಫೋಲ್ಡರ್ ಸಣ್ಣದಾಗುತ್ತಿತ್ತು. ಮುನ್ನೂರಿದ್ದದ್ದು ನೂರಾಯಿತು, ನೂರಿದ್ದದ್ದು ಇಪ್ಪತ್ತಾಯಿತು. ನನಗೊಬ್ಬನಿಗೇ ಗೊತ್ತಿದ್ದದ್ದು ಅಷ್ಟೇ ಉಳಿದಿತ್ತು. ಅದು ಖಾಲಿಯಾದ ದಿನ ನನ್ನನ್ನು ಇಲ್ಲಿ ಯಾರು ಕೇಳುತ್ತಾರೆ ಎಂಬ ಯೋಚನೆ ಹೊಕ್ಕಿತು.

ಆಗ ನಲ್ಲೂರು ರಸ್ತೆಯಲ್ಲಿ ಒಂದು ಮನೆಯ ಕೆಲಸ ನಡೆಯುತ್ತಿತ್ತು. ಯಜಮಾನರು ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಅವರ ಹೆಂಡತಿಗೆ ಮಂಡಿ ನೋವು. ಪಾಯ ತೋಡುವಾಗ ಸರ್ ಜೊತೆ ನಾನು ಹೋಗಿದ್ದೆ. ಆಯಮ್ಮ ಎರಡು ಇಟ್ಟಿಗೆಯನ್ನು ಒಂದರ ಮೇಲೊಂದು ಇಟ್ಟು, ಅದರ ಮೇಲೆ ಕಾಲಿಟ್ಟು ತೋರಿಸಿ, "ಇಷ್ಟಾದ್ರೆ ಹತ್ತುತೀನಪ್ಪಾ, ಇದ್ರ ಮೇಲೆ ಒಂಚೂರು ಜಾಸ್ತಿ ಆದ್ರೂ ಮಹಡಿ ನನ್ ಪಾಲಿಗಿಲ್ಲ" ಎಂದಿದ್ದರು. ಸರ್ ಅಲ್ಲೇ ಲೆಕ್ಕ ಹಾಕಿ, ಒಂದೊಂದರ ಎತ್ತರ ತಗ್ಗಿಸಿ, ಹದಿನೇಳು ಮೆಟ್ಟಿಲು ಇದ್ದದ್ದನ್ನು ಇಪ್ಪತ್ತು ಮಾಡು ಎಂದಿದ್ದರು. ನಾನು ಆಫೀಸಿಗೆ ಬಂದು ಮಾಡೆಲ್ ಮುಟ್ಟದೆ, ಒಂದು ವ್ಯೂ ಮೇಲೆ ಇಪ್ಪತ್ತು ಮೆಟ್ಟಿಲಿನ ಗೆರೆ ಎಳೆದು 'ನ್ಯೂ' ಎಂದು ಹೆಸರಿಟ್ಟಿದ್ದೆ. ಹದಿನೇಳರದ್ದು 'ಫೈನಲ್' ಎಂಬ ಹೆಸರಿನಲ್ಲೇ ಇತ್ತು.

ಒಂದು ಮಧ್ಯಾಹ್ನ ಅವನು ತನ್ನ ಕುರ್ಚಿಯಿಂದಲೇ ಕೂಗಿದ. "ಲೇ, ನಲ್ಲೂರ್ ರೋಡ್ ಮನೇದು ಮಾಡೆಲ್‌ನಲ್ಲಿ ಹದಿನೇಳು ಮೆಟ್ಲು ಐತೆ. ನೀನು ಗೆರೆ ಎಳ್ದಿರೋದ್ರಲ್ಲಿ ಇಪ್ಪತ್ತು ಬರ್ತಾ ಐತೆ. ಯಾವ್ದೋ ಸರಿ?"

ಆ ಬೆಳಿಗ್ಗೆಯಷ್ಟೇ ಸರ್ ಅವನಿಗೆ ಕಿಟಕಿ ಪಕ್ಕದ ಮೇಜು ಕೊಟ್ಟಿದ್ದರು. ದೊಡ್ಡ ಪರದೆಯನ್ನೂ ಕೊಟ್ಟಿದ್ದರು. ನಾನು ತಿರುಗಿ ನೋಡಲಿಲ್ಲ.

"ಮಾಡೆಲ್ ಒಂದೇ ನಿಜ ಅಂತ ನೀನೇ ಹೇಳ್ತೀಯಲ್ಲಪ್ಪಾ. ಇನ್ನ ನನ್ ಗೆರೆ ಯಾಕ್ ಬೇಕು?"

"ಹಂಗಾದ್ರೆ ಹದಿನೇಳೇ ಕಳಿಸ್ಲಾ?"

"ನಿಂಗ್ ಗೊತ್ತಲ್ಲ" ಎಂದೆ.

ಆಮೇಲೆ ಮೌಸ್ ಒತ್ತಿದ ಸದ್ದು ಕೇಳಿಸಿತು. 'ಫೈನಲ್' ಸೈಟಿಗೆ ಹೋಯಿತು, 'ನ್ಯೂ' ಹಳೇದಕ್ಕೆ. ಸಂಜೆಯವರೆಗೂ ನನಗೆ ಹೇಳಲು ಹೊತ್ತಿತ್ತು. ಮರುದಿನವೂ ಇತ್ತು. ಅವನಿಗೆ ಒಂದು ಸಲ ಮುಖಭಂಗವಾಗಲಿ, ಮೇಸ್ತ್ರಿಯೇ ತಪ್ಪು ಹಿಡಿದು ಮತ್ತೆ ನನಗೇ ಫೋನ್ ಮಾಡಲಿ, ಅಷ್ಟೇ ಎಂದುಕೊಂಡೆ. ಆಯಮ್ಮನ ಮಂಡಿ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಪಕ್ಕಕ್ಕೆ ಸರಿಸಿದೆ.

ಮೇಸ್ತ್ರಿ ತಪ್ಪು ಹಿಡಿಯಲಿಲ್ಲ. ಬಂದದ್ದನ್ನು ಬಂದ ಹಾಗೆ ಮಾಡಿದ. ಗೋಡೆಯ ಮೇಲೆ ಮೆಟ್ಟಿಲಿನ ಗುರುತು ಹಾಕಿ, ಸೆಂಟ್ರಿಂಗ್ ಹಲಗೆ ಹೊಡೆದು, ಕಂಬಿ ಕಟ್ಟಿ, ಕಾಂಕ್ರೀಟು ಹಾಕಲು ಎರಡು ದಿನ ಇರುವಾಗ ಆಯಮ್ಮ ನೋಡಲು ಬಂದರು. ಎರಡು ಇಟ್ಟಿಗೆ ತಂದು ಗೋಡೆಯ ಗುರುತಿನ ಪಕ್ಕ ಇಟ್ಟರು. ಗುರುತು ಇಟ್ಟಿಗೆಗಿಂತ ಒಂದು ಬೆರಳು ಮೇಲಿತ್ತು. ಅವರು ಕೂಗಾಡಲಿಲ್ಲವಂತೆ. ಅಲ್ಲೇ ಮರಳಿನ ಮೇಲೆ ಕೂತು ಗಂಡನಿಗೆ ಫೋನ್ ಮಾಡಿದರಂತೆ.

ಸರ್ ಆಫೀಸಿಗೆ ಬಂದದ್ದೇ ಅವನ ಮೇಲೆ ಹರಿಹಾಯ್ದರು. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. "ಆವತ್ತು ನನ್ ಜೊತೆ ಬಂದಿದ್ದು ನೀನೇ ಅಲ್ವಾ? ಇಪ್ಪತ್ತು ಮಾಡ್ಲಿಲ್ವಾ?"

"ಮಾಡಿದ್ದೆ ಸರ್." ಎದ್ದು ಹೋಗಿ, ಅವನ ಪರದೆಯಲ್ಲೇ 'ಹಳೇದು' ತೆರೆದು ತೋರಿಸಿದೆ. "ಇಲ್ಲೈತೆ ನೋಡಿ. ಇವ್ನು ಹಳೇದಕ್ಕೆ ಹಾಕ್ಬಿಟ್ಟಿದ್ದಾನೆ. ನನ್ನ ಒಂದ್ ಮಾತು ಕೇಳಿದ್ರೆ ಹೇಳ್ತಿದ್ದೆ."

ಅವನು ನನ್ನನ್ನು ನೋಡಿದ. ಸಿಟ್ಟೂ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ. ಸರಿಯಾಗಿ ಕೇಳಿಸಿತೋ ಇಲ್ಲವೋ ಎನ್ನುವವನ ಹಾಗೆ ನೋಡಿದ. ಆಮೇಲೆ ಸರ್ ಕಡೆ ತಿರುಗಿ, "ನಂದೇ ತಪ್ಪು ಸರ್. ಇನ್ನೊಂದ್ಸಲ ನೋಡ್ಬೇಕಿತ್ತು" ಎಂದ.

ಆ ಮಧ್ಯಾಹ್ನ ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮೇಡಂ ನನ್ನ ಮೇಜಿನ ಹತ್ತಿರ ಬಂದು, "ಎಷ್ಟೇ ಆದ್ರೂ ಹಳಬ್ರು ಹಳಬ್ರೇ" ಎಂದರು. ಕೆಳಗಿನ ಅಂಗಡಿಯಿಂದ ಬೋಂಡ ತರಿಸಿಕೊಂಡು ತಿಂದೆ. ಮನೆಯಲ್ಲಿ ಹೆಂಡತಿಗೆ ಹೇಳಲು ಬಾಯಿ ತೆರೆದಾಗ ಮಾತ್ರ ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಎಲ್ಲಿಂದ ಶುರು ಮಾಡಿದರೂ ಅವನು ಕೇಳಿದ್ದ ಪ್ರಶ್ನೆ ನಡುವೆ ಬರುತ್ತಿತ್ತು. ದೀಪ ಆರಿಸಿ ಮಲಗಿದೆ.

ಮರುದಿನ ಸರ್ ಇಬ್ಬರನ್ನೂ ಸೈಟಿಗೆ ಕಳಿಸಿದರು, ನಿಂತು ಹೊಸ ಗುರುತು ಹಾಕಿಸಿ ಬನ್ನಿ ಎಂದು. ಅವನ ಸ್ಕೂಟರಿನ ಹಿಂದೆ ಕೂತೆ. ಸೈಟಿನಲ್ಲಿ ಕಂಬಿ ಬಿಚ್ಚಿ, ಹಲಗೆ ಕೀಳುತ್ತಿದ್ದರು. ಮೇಸ್ತ್ರಿ ಗೊಣಗುತ್ತಿದ್ದ. ಆಯಮ್ಮ ಮಜ್ಜಿಗೆ ತಂದರು. ಲೋಟ ಕೊಡುತ್ತ ಅವನನ್ನು ಕೇಳಿದರು, "ತಪ್ಪು ಬರ್ದೋರು ನೀವೇ ಏನಪ್ಪಾ?"

"ಹೂಂ ಅಮ್ಮ" ಎಂದ ಅವನು. "ಇನ್ಮೇಲೆ ಆಗಲ್ಲ."

"ಹೋಗ್ಲಿ ಬಿಡಿ, ಕಾಂಕ್ರೀಟ್ ಹಾಕೋಕೆ ಮುಂಚೇನೇ ಗೊತ್ತಾಯ್ತಲ್ಲ. ಕುಡೀರಿ."

"ಇವ್ನಲ್ಲಮ್ಮ, ನಾನು" ಎಂದೆ. "ಇವ್ನು ನನ್ನ ಕೇಳಿದ್ದ. ಗೊತ್ತಿದ್ದೂ ನಾನು ಹೇಳ್ಲಿಲ್ಲ."

ಮೇಸ್ತ್ರಿ ತಲೆ ಎತ್ತಿದ. ಆಯಮ್ಮ ನನ್ನನ್ನೂ ಅವನನ್ನೂ ಒಂದೊಂದು ಸಲ ನೋಡಿ, "ಯಾಕಪ್ಪಾ?" ಎಂದರು. ನಾನು ಲೋಟ ಕೆಳಗಿಟ್ಟು ಅಳತೆ ಟೇಪು ಎತ್ತಿಕೊಂಡೆ.

ಗುರುತೆಲ್ಲ ಹಾಕಿಸಿ ಹೊರಟಾಗ ಮಧ್ಯಾಹ್ನ ದಾಟಿತ್ತು. ಈಗ ಅವನು ಸಮಾಧಾನವಾಗಿ ಏನಾದರೂ ಹೇಳುತ್ತಾನೆ, ನಾನೂ ಒಂದೆರಡು ಮಾತಾಡಿ ಹಗುರಾಗುತ್ತೇನೆ ಎಂದುಕೊಂಡಿದ್ದೆ. ನಲ್ಲೂರಿನ ಹುಣಸೆತೋಪಿನ ಹತ್ತಿರ ಅವನು ಸ್ಕೂಟರ್ ನಿಲ್ಲಿಸಿದ.

"ಇಳಿ" ಎಂದ.

ಇಳಿದೆ.

"ಸರ್ ಮುಂದೆ ಹೇಳಕ್ಕೆ ನಿಂಗೆ ಬಾಯಿ ಬರ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ ಅಂದೆ, ನನ್ ಮುಖ ನೋಡ್ಕೊಂಡು. ಇಲ್ಲಿ ಆಯಮ್ಮನ ಮುಂದೆ ದೊಡ್ಡ ಮನುಷ್ಯ ಆಗ್ತೀಯಾ? ಯಾರಿಗೋಸ್ಕರ ಹೇಳ್ದೆ ಅದ್ನ? ನಂಗೋಸ್ಕರಾನಾ?" ಅವನು ಸ್ಕೂಟರಿನಿಂದ ಇಳಿಯಲೂ ಇಲ್ಲ. "ನಿನ್ನ ಜಾಗ ನಾನು ಕೇಳಿದ್ನೇನೋ? ಕೆಲ್ಸ ಕೊಡ್ಸಿದೋನು ನೀನು ಅಂತ ಮನೇಲಿ ನಮ್ಮಮ್ಮ ಇವತ್ತಿಗೂ ದುವಾ ಮಾಡ್ತಾಳೆ ಕಣೋ ನಿಂಗೆ."

ಅಷ್ಟು ಹೇಳಿ ಹೊರಟುಹೋದ. ಅಲ್ಲಿಂದ ಮುಖ್ಯ ರಸ್ತೆಯವರೆಗೂ ನಡೆದೆ. ಎರಡೂ ಕಡೆ ಕಾಂಪೌಂಡ್ ಹಾಕಿದ ಖಾಲಿ ಸೈಟುಗಳು. ಬಿಸಿಲು ಇನ್ನೂ ಸುಡುತ್ತಿತ್ತು. ನಾಚಿಕೆ ಆಗುತ್ತಿತ್ತು ನಿಜ, ಅದರ ಜೊತೆಗೇ ಇನ್ನೊಂದು ವಿಚಿತ್ರ ಸಂಕಟ. ಇಂಥ ಹೊತ್ತಿನಲ್ಲೂ ಇವನೇ ಸರಿ, ನಾನೇ ತಪ್ಪು. ಇದರಲ್ಲಾದರೂ ಒಂದು ಸಲ ಸಮ ಆಗಬಾರದಿತ್ತೇ?

ಮರುದಿನ ಬೆಳಿಗ್ಗೆ, ಮೇಸ್ತ್ರಿ ಹೇಳುವ ಮುಂಚೆ, ನಾನೇ ಸರ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಂಗೆ ಅನುಮಾನ ಇತ್ತು" ಎಂದರು. "ಅವ್ರು ಕೇಳದೆ ಒಂದು ಕೆಲ್ಸಾನೂ ಮಾಡೋರಲ್ಲ."

ಕೆಲಸದಿಂದ ತೆಗೆಯುತ್ತೇನೆ ಎಂದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ. ನನ್ನ ತಪ್ಪೊಪ್ಪಿಗೆಯೂ ಅವನ ಹೊಗಳಿಕೆಯಾಗಿ ಮುಗಿದಿತ್ತು.

"ಅವ್ರ ಪಕ್ಕ ಮೇಜು ಹಾಕೋ. ಇನ್ಮೇಲೆ ವ್ಯೂ ಮೇಲೆ ಒಂದು ಗೆರೇನೂ ಬೇಡ. ಮಾಡೆಲ್ ತಿದ್ದೋದು, ಫೋಲ್ಡರಿಗೆ ಹಾಕೋದು, ಎಲ್ಲ ಅವ್ರ ಹತ್ರಾನೇ ಕಲಿ" ಎಂದು ಸರ್ ಫೋನ್ ಎತ್ತಿಕೊಂಡರು.

ಒಂದೂವರೆ ತಿಂಗಳು ಅವನ ಪಕ್ಕ ಕೂತೆ. ಅವನು ಕೆಲಸದ ಮಾತು ಬಿಟ್ಟು ಇನ್ನೇನೂ ಆಡುತ್ತಿರಲಿಲ್ಲ. ಇದನ್ನ ಇಲ್ಲಿ ಒತ್ತು, ಇದಕ್ಕೆ ಹೆಸರು ಕೊಡು, ಇದು ಮನೆಯವರಿಗೆ, ಇದು ಸೈಟಿಗೆ. ಟೀ ಬೇರೆ ಬೇರೆ. ನಾನು ಕಲಿತೆ. ಹಲ್ಲು ಕಚ್ಚಿಕೊಂಡು ಕಲಿತೆ. ಅವನಿಗಿಂತ ಚೆನ್ನಾಗಿ ಮಾಡಿ ತೋರಿಸಬೇಕೆಂಬ ಹಟದಿಂದ ಕಲಿತೆ ಎಂದರೂ ಆಗುತ್ತದೆ. ನಲ್ಲೂರು ರಸ್ತೆಯ ಮನೆಯ ಮೆಟ್ಟಿಲನ್ನು ಮಾಡೆಲಿನಲ್ಲಿ ಇಪ್ಪತ್ತಕ್ಕೆ ತಿದ್ದಿದಾಗ, ಪ್ಲಾನಿನಲ್ಲಿ, ಸೆಕ್ಷನಿನಲ್ಲಿ, ಎಲ್ಲ ವ್ಯೂಗಳಲ್ಲೂ ಅದು ತಾನಾಗೇ ಇಪ್ಪತ್ತಾಯಿತು. ಅಷ್ಟು ಸುಲಭದ ಕೆಲಸವನ್ನು ನಾನು ಇಷ್ಟು ವರ್ಷ ಸೋಮಾರಿತನದಿಂದ ಬಿಟ್ಟಿದ್ದೆ.

ಮಾತು ಮರಳಿ ಬಂದದ್ದು ಒಂದು ಎಡವಟ್ಟಿನಿಂದ. ಒಂದು ದಿನ ನಾನು ಕಲ್ಯಾಣ ಮಂಟಪದ ಅಡುಗೆಮನೆಯ ವ್ಯೂಗಳನ್ನೆಲ್ಲ ಯಾರದೋ ಮನೆಯ ಪೂಜಾಕೋಣೆಯ ಫೋಲ್ಡರಿಗೆ ಹಾಕಿಬಿಟ್ಟೆ. ಅವನು ನೋಡಿದ, ತಡೆದುಕೊಂಡ, ತಡೆಯಲಾಗದೆ, "ಲೇ ದನ ಕಾಯೋನೆ, ಐನೂರು ಜನರ ಒಲೆ ತಂದು ದೇವ್ರ ಕೋಣೇಲಿ ಇಟ್ಟಿದ್ದೀಯಲ್ಲೋ!" ಎಂದ. ಮೇಡಂ ನಕ್ಕರು, ನಾನೂ ನಕ್ಕೆ. ಅವನು ನಗಲಿಲ್ಲ, ಆದರೆ ಆ ಸಂಜೆ ಟೀಗೆ ಇಳಿಯುವಾಗ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದ. ಎದ್ದು ಹೋದೆ. ಅವತ್ತು ಕ್ಷಮೆ ಕೇಳಿದೆ. "ಆಯ್ತು ಬಿಡು" ಎಂದ. ಮರೆತೆ ಎನ್ನಲಿಲ್ಲ.

ನಲ್ಲೂರು ರಸ್ತೆಯ ಮನೆಯ ಗೃಹಪ್ರವೇಶಕ್ಕೆ ಇಬ್ಬರೂ ಹೋಗಿದ್ದೆವು. ಆಯಮ್ಮ ಹೊಸ ರೇಷ್ಮೆ ಸೀರೆ ಉಟ್ಟು, ಕಟಕಟೆ ಹಿಡಿದು, ನಿಧಾನಕ್ಕೆ, ಎಲ್ಲೂ ನಿಲ್ಲದೆ ಮಹಡಿ ಹತ್ತಿ ಹೋದರು. ಮೇಲೆ ಹೋಗಿ ನೆಂಟರಿಗೆಲ್ಲ ಬಯಲು ತೋರಿಸಿದರು. ಊಟದ ಹೊತ್ತಿಗೆ ನಮ್ಮನ್ನು ಯಾರಿಗೋ ಪರಿಚಯ ಮಾಡಿಕೊಡುತ್ತ, ಆಗಲೇ ಎಲೆಗೆ ಕೂತಿದ್ದ ಅವನ ಕಡೆ ಕೈ ತೋರಿಸಿ, "ಈ ಮೆಟ್ಲು ಇವ್ರು ಮಾಡಿದ್ದು" ಎಂದರು. ನನ್ನ ಕಡೆ ತಿರುಗಿ, "ಇವ್ರೂ ಆಫೀಸಿನೋರೇ" ಎಂದರು.

ಆ ಮೆಟ್ಟಿಲನ್ನು ಮಾಡೆಲಿನಲ್ಲಿ ತಿದ್ದಿದವನು ನಾನು. ಹೊಟ್ಟೆಯಲ್ಲಿ ಹಳೆಯ ಉರಿ ಹಾಗೇ ಎದ್ದಿತು. ಅಷ್ಟೆಲ್ಲ ಆದ ಮೇಲೂ ಎದ್ದಿತು. ಅವನು "ಇಲ್ಲಮ್ಮ, ಇವ್ನೇ" ಎನ್ನುತ್ತಾನೇನೋ ಎಂದು ಕಾದೆ. ಅವನು ಪಾಯಸಕ್ಕೆ ದೊನ್ನೆ ಚಾಚಿದ್ದ, ಕೇಳಿಸಿಕೊಂಡಿರಲಿಲ್ಲ. ನಾನು ಆ ಮಾತನ್ನು ತಿದ್ದದೆ ಅವನ ಪಕ್ಕದ ಎಲೆಗೆ ಹೋಗಿ ಕೂತೆ.